48 ಬೈಟ್‌ಗಳ ಬೀಗ: ಫ್ಲ್ಯಾಶ್ ಕಾರ್ಟ್ರಿಡ್ಜ್‌ಗಳು ಮತ್ತು ಪೈರಸಿಯ ವಾದ

(ಆಟದ ಯಂತ್ರಗಳ ಇತಿಹಾಸದಲ್ಲಿ ಆಸಕ್ತಿಯುಳ್ಳವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದ ರೂಪವಿದು. ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಮಾತಿಗೆ ತೊಡಗುವ ಮೊದಲು ಒಂದು ವಸ್ತುವನ್ನು ನಿಮ್ಮ ಕೈಗೆ ಕೊಡುತ್ತಿದ್ದೇನೆ. ನೋಡಿ, ಪಕ್ಕದವರಿಗೆ ದಾಟಿಸಿ. ಅಂಚೆ ಚೀಟಿಗಿಂತ ತುಸು ದೊಡ್ಡದಾದ ಈ ಪ್ಲಾಸ್ಟಿಕ್ ಬಿಲ್ಲೆಯ ಹೆಸರು ಆರ್‌4. ಒಂದು ಬದಿಯಲ್ಲಿ ಲೋಹದ ಹಲ್ಲುಗಳು, ಮೇಲಂಚಿನಲ್ಲಿ ಒಂದು ಸೀಳು. ಆ ಸೀಳಿನಲ್ಲಿ ಮೊಬೈಲ್ ಫೋನಿಗೆ ಹಾಕುವಂಥದೇ ಮೈಕ್ರೊ ಎಸ್‌ಡಿ ಕಾರ್ಡು ಕೂರುತ್ತದೆ. ನಿಂಟೆಂಡೊ ಡಿಎಸ್ ಎಂಬ ಕೈಯಾಟದ ಕನ್ಸೋಲಿಗೆ ಇದನ್ನು ತೂರಿಸಿದರೆ, ಕನ್ಸೋಲು ಇದನ್ನು ಕಂಪನಿಯೇ ತಯಾರಿಸಿದ ಆಟದ ಕಾರ್ಡೆಂದು ನಂಬಿ ಬಾಗಿಲು ತೆರೆಯುತ್ತದೆ. ಹಾಗೆ ತೆರೆದ ಬಾಗಿಲಿನಿಂದ ಒಳಗೆ ಹೋಗುವುದು ಯಾವನೋ ಹವ್ಯಾಸಿ ತಾನೇ ಬರೆದ ಚಿತ್ರ ಬಿಡಿಸುವ ತಂತ್ರಾಂಶವೂ ಆಗಬಹುದು, ಅಂತರ್ಜಾಲದಿಂದ ಕಾಸು ಕೊಡದೆ ಇಳಿಸಿಕೊಂಡ ಐವತ್ತು ಆಟಗಳೂ ಆಗಬಹುದು. ಕಾರ್ಡಿಗೆ ಇವೆರಡರ ವ್ಯತ್ಯಾಸ ತಿಳಿಯದು. ತಿಳಿಯಬೇಕಾದದ್ದು ಕಾನೂನಿಗೆ, ಅದು ಈ ವ್ಯತ್ಯಾಸವನ್ನು ನೋಡಲು ಎಷ್ಟು ಕಣ್ಣು ತೆರೆಯಿತು, ಎಷ್ಟು ಮುಚ್ಚಿತು ಎನ್ನುವುದೇ ಇಂದಿನ ನನ್ನ ವಿಷಯ.

ಕಾರ್ಟ್ರಿಡ್ಜ್ ಎಂಬ ಪದ ನಮ್ಮಲ್ಲಿ ಅಷ್ಟಾಗಿ ಬಳಕೆಗೆ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ, ನಿಂಟೆಂಡೊದ ಫ್ಯಾಮಿಕಾಮ್ ಎಂಬ ಕನ್ಸೋಲಿನ ನಕಲಿ ಯಂತ್ರಗಳ ಕಾಲದಿಂದಲೂ ನಾವು ಅದನ್ನು ‘ಕ್ಯಾಸೆಟ್’ ಎಂದೇ ಕರೆದವರು. ‘9999 ಇನ್ 1’ ಎಂದು ಮೈಮೇಲೆ ಬರೆದುಕೊಂಡು ಒಳಗೆ ಹತ್ತೋ ಇಪ್ಪತ್ತೋ ಆಟಗಳನ್ನೇ ಬಣ್ಣ ಬದಲಿಸಿ ತೋರಿಸುತ್ತಿದ್ದ ಹಳದಿ ಕ್ಯಾಸೆಟ್ಟುಗಳು ನಿಮ್ಮಲ್ಲಿ ಹಲವರ ನೆನಪಿನಲ್ಲಿರಬೇಕು. ಅವು ಫ್ಲ್ಯಾಶ್ ಕಾರ್ಟ್ರಿಡ್ಜ್‌ಗಳಲ್ಲ, ಕಾರ್ಖಾನೆಯಲ್ಲೇ ಅಚ್ಚಾದ ಕಳ್ಳಮಾಲು. ಅಧಿಕೃತ ಕಾರ್ಟ್ರಿಡ್ಜ್ ಇರಲಿ, ಆ ಕಳ್ಳ ಕ್ಯಾಸೆಟ್ ಇರಲಿ, ಎರಡರಲ್ಲೂ ಇರುವುದು ಒಮ್ಮೆ ಬರೆದರೆ ಅಳಿಸಲಾಗದ ರೋಮ್ ಚಿಪ್. ಫ್ಲ್ಯಾಶ್ ಕಾರ್ಟ್ರಿಡ್ಜಿನಲ್ಲಿ ಮಾತ್ರ ಅಳಿಸಿ ಬರೆಯಬಲ್ಲ ಸ್ಮೃತಿ ಇರುತ್ತದೆ. ಅದರಲ್ಲಿ ಏನಿರಬೇಕೆಂಬ ತೀರ್ಮಾನ ಕಾರ್ಖಾನೆಯಿಂದ ಬಳಕೆದಾರನ ಕೈಗೆ ಬರುತ್ತದೆ.

ಈ ಅಧಿಕಾರ ಕೈಬದಲಾಗದಂತೆ ನಿಂಟೆಂಡೊ ಕಂಪನಿ ಹಾಕಿದ ಮೊದಲ ಬೀಗಗಳಲ್ಲೊಂದು ಎಷ್ಟು ಸರಳವಾಗಿತ್ತೆಂದರೆ ಅದರ ಬಗ್ಗೆ ಸ್ವಲ್ಪ ಹೊತ್ತು ಮಾತನಾಡಲೇಬೇಕು. 1989ರಲ್ಲಿ ಬಂದ ಗೇಮ್ ಬಾಯ್‌ನ ಒಳಗೆ 256 ಬೈಟ್‌ಗಳ ಒಂದು ಪುಟ್ಟ ಆರಂಭಿಕ ಕ್ರಮವಿಧಿ ಇದೆ. ಸ್ವಿಚ್ ಒತ್ತಿದಾಗ ‘ನಿಂಟೆಂಡೊ’ ಎಂಬ ಅಕ್ಷರಗಳು ಪರದೆಯ ಮೇಲಿನಿಂದ ಮೆಲ್ಲನೆ ಇಳಿದು ಬಂದು ‘ಟಿಂಗ್’ ಎನ್ನುವುದನ್ನು ನೋಡಿದವರು ಮರೆಯಲಾರರು. ಆ ಅಕ್ಷರಗಳ ಚಿತ್ರ ಬರುವುದು ಕನ್ಸೋಲಿನಿಂದಲ್ಲ, ಕಾರ್ಟ್ರಿಡ್ಜಿನಿಂದ. ಪ್ರತಿಯೊಂದು ಕಾರ್ಟ್ರಿಡ್ಜಿನ ಆರಂಭದಲ್ಲೂ 48 ಬೈಟ್‌ಗಳಷ್ಟು ಜಾಗದಲ್ಲಿ ಕಂಪನಿಯ ಲೋಗೊ ಇರಲೇಬೇಕು. ಕನ್ಸೋಲು ಅದನ್ನು ಓದಿ ಪರದೆಯ ಮೇಲೆ ತೋರಿಸುತ್ತದೆ, ಆಮೇಲೆ ಮತ್ತೊಮ್ಮೆ ಓದಿ ತನ್ನೊಳಗಿನ ಪ್ರತಿಯೊಡನೆ ಹೋಲಿಸುತ್ತದೆ, ಒಂದು ಬಿಟ್ ಹೆಚ್ಚು ಕಡಿಮೆಯಾದರೂ ಅಲ್ಲೇ ಸ್ತಬ್ಧವಾಗುತ್ತದೆ. ತಾಂತ್ರಿಕವಾಗಿ ಇದು ಬೀಗವೇ ಅಲ್ಲ, ಏಕೆಂದರೆ 48 ಬೈಟ್‌ಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು. ಕಂಪನಿಯ ಲೆಕ್ಕಾಚಾರ ಬೇರೆಯಿತ್ತು: ಅನುಮತಿಯಿಲ್ಲದೆ ಆಟ ಮಾಡುವವನು ಯಂತ್ರ ತೆರೆಯಲು ನಮ್ಮ ಟ್ರೇಡ್‌ಮಾರ್ಕನ್ನೇ ನಕಲು ಮಾಡಬೇಕಾಗುತ್ತದೆ, ನಕಲು ಮಾಡಿದೊಡನೆ ನ್ಯಾಯಾಲಯದಲ್ಲಿ ಸಿಕ್ಕಿಬೀಳುತ್ತಾನೆ. ಬೀಗ ಇದ್ದದ್ದು ಸಿಲಿಕಾನಿನಲ್ಲಲ್ಲ, ಕಾನೂನು ಪುಸ್ತಕದಲ್ಲಿ.

ಎರಡು ಸಲ ಓದುತ್ತದೆ ಎಂದೆನಲ್ಲ, ಅಲ್ಲೇ ಒಂದು ಸಂದಿ ಇತ್ತು. ಮೊದಲ ಸಲ ಓದಿದಾಗ ಒಂದು ಚಿತ್ರ, ಎರಡನೆಯ ಸಲ ಓದಿದಾಗ ಇನ್ನೊಂದು ಚಿತ್ರ ಒದಗಿಸುವ ಕಾರ್ಟ್ರಿಡ್ಜ್ ಮಾಡಿದರೆ, ಪರದೆಯ ಮೇಲೆ ತನ್ನ ಹೆಸರನ್ನೇ ಮೆರೆಸಿ, ಹೋಲಿಕೆಯ ಹೊತ್ತಿಗೆ ಮಾತ್ರ ಬೇಕಾದ ಲೋಗೊವನ್ನು ಮುಂದಿಡಬಹುದು. ಬ್ರಿಟನ್ನಿನ ಆರ್ಗೊನಾಟ್ ಸಂಸ್ಥೆಯವರು ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಬಳಸಿ ಇಂಥದೇ ಉಪಾಯ ಹೂಡಿದ್ದನ್ನು ಅದರ ಸ್ಥಾಪಕ ಜೆಜ್ ಸ್ಯಾನ್ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ಸ್ವಾರಸ್ಯವೆಂದರೆ ನಿಂಟೆಂಡೊ ಅವರ ಮೇಲೆ ದಾವೆ ಹೂಡುವ ಬದಲು ಕೆಲಸ ಕೊಟ್ಟಿತು. ಆ ಸಹಯೋಗದಿಂದಲೇ ಸೂಪರ್ ಎಫ್‌ಎಕ್ಸ್ ಚಿಪ್ ಹುಟ್ಟಿತು, 1993ರ ‘ಸ್ಟಾರ್ ಫಾಕ್ಸ್’ ಆಟ ಬಂದಿತು. ಬೀಗ ಬಿಚ್ಚಿದವರನ್ನು ಮನೆಗೆ ಕರೆದು ಕೂರಿಸಿದ ಇಂಥ ಪ್ರಸಂಗ ಈ ಇತಿಹಾಸದಲ್ಲಿ ಅಪರೂಪ.

ಟ್ರೇಡ್‌ಮಾರ್ಕನ್ನೇ ಕೀಲಿಕೈ ಮಾಡುವ ತಂತ್ರ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಉತ್ತರ ಸಿಕ್ಕಿದ್ದು ಇನ್ನೊಂದು ಕಂಪನಿಯ ಮೊಕದ್ದಮೆಯಲ್ಲಿ. ಸೆಗಾ ತನ್ನ ಜೆನೆಸಿಸ್ ಯಂತ್ರದಲ್ಲಿ ‘ಸೆಗಾ’ ಎಂಬ ನಾಲ್ಕು ರೋಮನ್ ಅಕ್ಷರಗಳನ್ನು ಆಟದಲ್ಲಿ ಹುಡುಕಿ, ಸಿಕ್ಕರೆ ಪರದೆಯ ಮೇಲೆ ತನ್ನ ಹೆಸರು ಮೂಡಿಸುವ ಬೀಗ ಇಟ್ಟಿತ್ತು. ಅಕ್ಕೊಲೇಡ್ ಎಂಬ ಸಂಸ್ಥೆ ಯಂತ್ರವನ್ನು ಬಿಡಿಸಿ ನೋಡಿ, ಆ ಅಕ್ಷರಗಳನ್ನು ತನ್ನ ಆಟಗಳಲ್ಲೂ ಸೇರಿಸಿತು. 1992ರಲ್ಲಿ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅಕ್ಕೊಲೇಡ್ ಪರವಾಗಿ ನಿಂತಿತು: ಹೊಂದಿಕೆಯಾಗುವ ಸ್ವಂತ ಆಟ ಮಾಡುವುದಕ್ಕಾಗಿ ಬಿಡಿಸಿ ನೋಡುವುದು ನ್ಯಾಯಯುತ ಬಳಕೆ, ಪರದೆಯ ಮೇಲೆ ಸುಳ್ಳು ಹೆಸರು ಮೂಡುವಂತೆ ಯಂತ್ರವನ್ನು ರೂಪಿಸಿದ್ದು ಸೆಗಾ ತಾನೇ ಆದ್ದರಿಂದ ಗೊಂದಲದ ಹೊಣೆಯೂ ಅದರದೇ. ಏತಕ್ಕಾಗಿ ಬೀಗ ಬಿಚ್ಚಿದೆ ಎಂದು ನ್ಯಾಯಾಲಯ ಕೇಳಿತು. ಉತ್ತರ ಕೇಳಿದ ಮೇಲೆ ತೀರ್ಪು ಕೊಟ್ಟಿತು. ಆರು ವರ್ಷಗಳ ನಂತರ, 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ ಬಂದ ಮೇಲೆ ಆ ಪ್ರಶ್ನೆಯ ಸ್ಥಾನವೇ ಬದಲಾಯಿತು. ಬೀಗ ಬಿಚ್ಚುವ ಸಾಧನವನ್ನು ಮಾರುವುದೇ ಸ್ವತಂತ್ರ ಅಪರಾಧವಾಯಿತು.

ಇನ್ನು ನಮ್ಮ ಕೈಯಲ್ಲಿರುವ ಬಿಲ್ಲೆಗೆ ಬರೋಣ. 2004ರ ಕೊನೆಯಲ್ಲಿ ಬಂದ ಡಿಎಸ್‌ಗೆ ಎರಡು ಸೀಳುಗಳಿದ್ದವು: ಮೇಲೆ ಡಿಎಸ್ ಕಾರ್ಡಿಗೆ, ಕೆಳಗೆ ಹಳೆಯ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜಿಗೆ. ಮೇಲಿನ ಸೀಳಿನಲ್ಲಿ ಈ ಬಾರಿ ನಿಜವಾದ ಬೀಗವೇ ಇತ್ತು. ಕನ್ಸೋಲು ಮತ್ತು ಕಾರ್ಡಿನ ನಡುವಿನ ಮಾತುಕತೆ ಬ್ಲೋಫಿಶ್ ಎಂಬ ಗೂಢಲಿಪಿ ವಿಧಾನವನ್ನು ಆಧರಿಸಿತ್ತು. ಹವ್ಯಾಸಿಗಳು ಆ ಬೀಗವನ್ನು ಮುರಿಯುವ ಗೋಜಿಗೆ ಮೊದಲು ಹೋಗಲಿಲ್ಲ. ‘ಪಾಸ್‌ಮಿ’ ಎಂಬ ಅವರ ಸಾಧನ ಅಸಲಿ ಆಟದ ಕಾರ್ಡು ಮತ್ತು ಕನ್ಸೋಲಿನ ನಡುವೆ ಕೂರುತ್ತಿತ್ತು; ಗೂಢಲಿಪಿಯ ವಂದನೆ ಪ್ರತಿವಂದನೆಗಳೆಲ್ಲ ಅಸಲಿ ಕಾರ್ಡಿನೊಡನೆಯೇ ನಡೆಯಲು ಬಿಟ್ಟು, ಕೊನೆಯ ಕ್ಷಣದಲ್ಲಿ ‘ಇಲ್ಲಿಂದ ಆರಂಭಿಸು’ ಎಂಬ ವಿಳಾಸವನ್ನು ಮಾತ್ರ ಕೆಳಗಿನ ಸೀಳಿನ ಕಡೆಗೆ ತಿರುಗಿಸುತ್ತಿತ್ತು. ಬಾಗಿಲ ಬಳಿ ಕಾವಲುಗಾರನೊಡನೆ ಅತಿಥಿ ಕುಶಲ ಮಾತನಾಡುತ್ತಿರುವಾಗ ಹಿಂದಿನಿಂದ ಇನ್ನೊಬ್ಬ ಒಳಗೆ ನುಸುಳಿದಂತೆ. ಆಮೇಲೆ ಗೂಢಲಿಪಿಯೇ ಅರ್ಥವಾಯಿತು, ಅಸಲಿ ಕಾರ್ಡಿನ ಹಂಗು ತಪ್ಪಿತು, ಮೇಲಿನ ಸೀಳಿಗೇ ನೇರವಾಗಿ ಹೋಗುವ ಕಾರ್ಡುಗಳು ಬಂದವು.

ಆರ್‌4 ಅಂಥ ಕಾರ್ಡುಗಳಲ್ಲಿ ಮೊದಲನೆಯದೂ ಅಲ್ಲ, ಅತ್ಯುತ್ತಮವಾದದ್ದೂ ಅಲ್ಲ. 2 ಗಿಗಾಬೈಟ್‌ಗಿಂತ ದೊಡ್ಡ ಮೈಕ್ರೊ ಎಸ್‌ಡಿಯನ್ನು ಅದು ಓದುತ್ತಲೂ ಇರಲಿಲ್ಲ. ಅದರ ಗುಣ ಒಂದೇ: ಬಳಸುವವನಿಗೆ ಏನೂ ತಿಳಿದಿರಬೇಕಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಫೈಲನ್ನು ಎಳೆದು ಕಾರ್ಡಿಗೆ ಬಿಟ್ಟರೆ ಆಯಿತು. ಒಂದು ಡಿಎಸ್ ಆಟ ಬಹುಮಟ್ಟಿಗೆ 128 ಮೆಗಾಬೈಟ್ ಮೀರದಿದ್ದುದರಿಂದ ಎರಡು ಗಿಗಾಬೈಟಿನಲ್ಲಿ ಹತ್ತಾರು ಆಟಗಳು ಸಲೀಸಾಗಿ ಹಿಡಿಯುತ್ತಿದ್ದವು, ಆ ಇಡೀ ಸಾಧನದ ಬೆಲೆಯಾದರೋ ಒಂದು ಹೊಸ ಆಟದ ಬೆಲೆಯ ಆಸುಪಾಸಿನಲ್ಲಿರುತ್ತಿತ್ತು. ಅಲ್ಲಿಯವರೆಗೆ ಸೋಲ್ಡರಿಂಗ್ ಕಡ್ಡಿ ಹಿಡಿಯಬಲ್ಲವರ ಹವ್ಯಾಸವಾಗಿದ್ದದ್ದು, ಇದರಿಂದಾಗಿ ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆಯಾಯಿತು.

ಹವ್ಯಾಸಿಗಳ ಪಕ್ಷವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಡಿಎಸ್‌ಗೆ ಆಟ ಬರೆಯಬೇಕೆಂದಿದ್ದವನಿಗೆ ಅಧಿಕೃತ ದಾರಿ ಕಂಪನಿಗಳಿಗೆ ಮಾತ್ರ ತೆರೆದಿತ್ತು. ಉಪಕರಣಗಳನ್ನು ಪಡೆಯಲು ಒಪ್ಪಂದ, ಗೋಪ್ಯತೆಯ ಕರಾರು, ಹಣ ಎಲ್ಲವೂ ಬೇಕಿತ್ತು. ಅದಿಲ್ಲದವರು ಡೆವ್‌ಕಿಟ್‌ಪ್ರೊ ಎಂಬ ಮುಕ್ತ ಉಪಕರಣಗಳ ಕಟ್ಟನ್ನು ತಾವೇ ಕಟ್ಟಿಕೊಂಡರು. ನೂರೆಂಟು ಬಗೆಯ ಫ್ಲ್ಯಾಶ್ ಕಾರ್ಡುಗಳಿಗೂ ಒಂದೇ ತಂತ್ರಾಂಶ ಹೊಂದಿಕೊಳ್ಳಲೆಂದು ಡಿಎಲ್‌ಡಿಐ ಎಂಬ ಸಾಮಾನ್ಯ ವ್ಯವಸ್ಥೆಯನ್ನು ರೂಪಿಸಿದರು. ಇಂಥ ಸೊಗಸಾದ ಎಂಜಿನಿಯರಿಂಗ್ ಸಂಬಳವಿಲ್ಲದೆ ನಡೆಯಿತೆನ್ನುವುದನ್ನು ಗಮನಿಸಬೇಕು. ‘ಮೂನ್‌ಶೆಲ್’ ಎಂಬ ತಂತ್ರಾಂಶ ಡಿಎಸ್‌ನಲ್ಲಿ ಹಾಡು, ವಿಡಿಯೊ ತೋರಿಸಿತು. ಜೆನ್ಸ್ ಆಂಡರ್ಸನ್ ಬರೆದ ‘ಕಲರ್ಸ್!’ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಫ್ಲ್ಯಾಶ್ ಕಾರ್ಡಿನ ಮೇಲೆ ಹುಟ್ಟಿ, ಸಾವಿರಾರು ಹವ್ಯಾಸಿ ಚಿತ್ರಕಾರರನ್ನು ಸಂಪಾದಿಸಿ, 2012ರಲ್ಲಿ ನಿಂಟೆಂಡೊದ ಸ್ವಂತ ಅಂಗಡಿಯಲ್ಲೇ, ಡಿಎಸ್‌ನ ನಂತರ ಬಂದ 3ಡಿಎಸ್ ಕನ್ಸೋಲಿಗೆ ಅಧಿಕೃತವಾಗಿ ಮಾರಾಟಕ್ಕೆ ಬಂದಿತು. ಹಳೆಯ ಗೇಮ್ ಬಾಯ್‌ನಲ್ಲಿ ಸಂಗೀತ ಸಂಯೋಜಿಸುವವರ ಒಂದು ಜಗತ್ತೇ ಇದೆ. ‘ನ್ಯಾನೊಲೂಪ್’, ‘ಲಿಟಲ್ ಸೌಂಡ್ ಡಿಜೆ’ ಎಂಬ ತಂತ್ರಾಂಶಗಳಿಂದ ವೇದಿಕೆಯ ಮೇಲೆ ಕಛೇರಿ ನಡೆಸುವ ಆ ಕಲಾವಿದರಿಗೆ ಫ್ಲ್ಯಾಶ್ ಕಾರ್ಟ್ರಿಡ್ಜ್ ಎಂದರೆ ವೈಣಿಕನಿಗೆ ತಂತಿ ಇದ್ದಂತೆ.

ಆದರೆ ಈ ಹವ್ಯಾಸಿಗಳ ಹೆಸರನ್ನು ಗುರಾಣಿಯಾಗಿ ಹಿಡಿದವರು ಬೇರೆ ಜನ. ‘ಹೋಂಬ್ರೂ’ಗಾಗಿ, ಅಂದರೆ ಹವ್ಯಾಸಿಗಳು ತಾವೇ ಬರೆದ ತಂತ್ರಾಂಶಕ್ಕಾಗಿ, ಎಂದು ಪೆಟ್ಟಿಗೆಯ ಮೇಲೆ ಬರೆದು, ಒಳಗಿನ ತಂತ್ರಾಂಶದಲ್ಲಿ ಮಾತ್ರ ಹೊಸದಾಗಿ ಬಂದ ವಾಣಿಜ್ಯ ಆಟಗಳನ್ನು ಒಂದೊಂದಾಗಿ ಓಡಿಸಲು ಬೇಕಾದ ತಿದ್ದುಪಡಿಗಳನ್ನೇ ಬಿಡುಗಡೆ ಮಾಡುತ್ತಿದ್ದವರಿಗೆ ತಾವು ಏನು ಮಾರುತ್ತಿದ್ದೇವೆಂಬುದು ಚೆನ್ನಾಗಿ ಗೊತ್ತಿತ್ತು. ಸ್ವಂತ ತಂತ್ರಾಂಶವನ್ನಷ್ಟೇ ಓಡಿಸುವ ಕಾರ್ಡು ಮಾಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ; ಕೊಳ್ಳುವವರು ಇರಲಿಲ್ಲ, ಅಷ್ಟೆ. ಇದನ್ನು ಒಪ್ಪಿಕೊಳ್ಳದೆ ಹೋಂಬ್ರೂ ಪರ ವಾದ ಮಾಡುವುದು ಆತ್ಮವಂಚನೆ ಎಂದು ನನ್ನ ಅಭಿಪ್ರಾಯ.

ಜಪಾನಿನಲ್ಲಿ ಇಂಥ ಸಾಧನಗಳನ್ನು ‘ಮಾಜಿಕಾನ್’ ಎನ್ನುತ್ತಾರೆ. 2008ರ ಜುಲೈಯಲ್ಲಿ ನಿಂಟೆಂಡೊ, 54 ಆಟ ತಯಾರಕರ ಜೊತೆ ಸೇರಿ, ಆರ್‌4 ಆಮದುದಾರರ ವಿರುದ್ಧ ಟೋಕಿಯೊ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. ದಾವೆ ಇದ್ದದ್ದು ಕೃತಿಸ್ವಾಮ್ಯ ಕಾಯ್ದೆಯಡಿ ಅಲ್ಲ, ಅನ್ಯಾಯದ ಸ್ಪರ್ಧೆಯನ್ನು ತಡೆಯುವ ಕಾಯ್ದೆಯಡಿ. ಆ ಕಾಯ್ದೆಯ ಅಂದಿನ ಪಾಠದಲ್ಲಿ ‘ಮಾತ್ರ’ ಎಂಬ ಅರ್ಥದ ಒಂದು ಪುಟ್ಟ ಪದವಿತ್ತು: ಬೀಗವನ್ನು ನಿಷ್ಫಲಗೊಳಿಸುವ ಕೆಲಸ ‘ಮಾತ್ರ’ ಮಾಡುವ ಸಾಧನಕ್ಕೆ ನಿಷೇಧ. ಪ್ರತಿವಾದಿಗಳು ಆ ಪದವನ್ನೇ ಹಿಡಿದರು, ನಮ್ಮ ಕಾರ್ಡು ಹವ್ಯಾಸಿ ತಂತ್ರಾಂಶವನ್ನೂ ಓಡಿಸುತ್ತದಲ್ಲ ಎಂದರು. 2009ರ ಫೆಬ್ರವರಿ 27ರಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ ಆಮದು ಮತ್ತು ಮಾರಾಟವನ್ನು ನಿಷೇಧಿಸಿತು. 2011ರಲ್ಲಿ ಶಾಸನಸಭೆಯೇ ಆ ‘ಮಾತ್ರ’ದ ಬಿಗಿಯನ್ನು ಸಡಿಲಿಸಿ, ಜೊತೆಗೆ ಕ್ರಿಮಿನಲ್ ಶಿಕ್ಷೆಯನ್ನೂ ಸೇರಿಸಿತು. ಪರಿಹಾರಕ್ಕಾಗಿ ನಡೆದ ಪ್ರತ್ಯೇಕ ಮೊಕದ್ದಮೆಯಲ್ಲಿ 2013ರಲ್ಲಿ ಸುಮಾರು 9 ಕೋಟಿ 56 ಲಕ್ಷ ಯೆನ್ ಕೊಡಬೇಕೆಂದು ಆದೇಶವಾಯಿತು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಿರಸ್ಕರಿಸಿದಾಗ ಅದು ಅಂತಿಮವಾಯಿತು.

ಇಂಗ್ಲೆಂಡಿನ ತೀರ್ಪು ಇನ್ನೂ ಕಟ್ಟುನಿಟ್ಟು. 2010ರ ಜುಲೈಯಲ್ಲಿ ಪ್ಲೇಬಲ್ಸ್ ಎಂಬ ಮಾರಾಟ ಸಂಸ್ಥೆಯ ವಿರುದ್ಧದ ಪ್ರಕರಣದಲ್ಲಿ ಲಂಡನ್ನಿನ ಹೈಕೋರ್ಟು ಹೇಳಿದ್ದರ ತಾತ್ಪರ್ಯ ಇಷ್ಟು: ಸಾಧನದಿಂದ ಕಾನೂನುಬದ್ಧ ಕೆಲಸವೂ ಆಗಬಹುದೆನ್ನುವುದು ರಕ್ಷಣೆಯಲ್ಲ, ಏಕೆಂದರೆ ಆ ಕಾನೂನುಬದ್ಧ ಕೆಲಸ ಮಾಡಲಿಕ್ಕೂ ಮೊದಲು ಬೀಗವನ್ನು ದಾಟಲೇಬೇಕು. ಗೇಮ್ ಬಾಯ್‌ನ 48 ಬೈಟ್‌ಗಳ ಸಂತತಿಯೂ ಇಲ್ಲಿ ಸಾಕ್ಷಿಕಟ್ಟೆ ಹತ್ತಿತು. ಡಿಎಸ್ ಕಾರ್ಡಿನಲ್ಲಿರಬೇಕಾದ ನಿಂಟೆಂಡೊ ಲೋಗೊದ ದತ್ತಾಂಶವನ್ನು ನಕಲು ಮಾಡಿದ್ದೂ ದಾವೆಯ ಭಾಗವಾಗಿತ್ತು. ಈ ತರ್ಕವನ್ನು ಅದರ ಕೊನೆಯವರೆಗೆ ಎಳೆದರೆ, ತಾನೇ ಬರೆದ ಕವಿತೆಯನ್ನು ತಾನೇ ಕೊಂಡ ಯಂತ್ರದಲ್ಲಿ ತೋರಿಸಲು ಹೊರಟವನಿಗೂ ಅಗತ್ಯವಾದ ಉಪಕರಣ ಅಂಗಡಿಯಲ್ಲಿ ಸಿಗುವಂತಿಲ್ಲ. ಪ್ಯಾರಿಸಿನ ಕೆಳ ನ್ಯಾಯಾಲಯವೊಂದು 2009ರಲ್ಲಿ ಫ್ಲ್ಯಾಶ್ ಕಾರ್ಡು ಮಾರಾಟಗಾರರನ್ನು ದೋಷಮುಕ್ತಗೊಳಿಸಿತಾದರೂ 2011ರಲ್ಲಿ ಮೇಲ್ಮನವಿಯಲ್ಲಿ ಅದು ಬುಡಮೇಲಾಯಿತು. ನನಗೆ ಹೆಚ್ಚು ಹಿಡಿಸಿದ್ದು 2014ರ ಜನವರಿಯಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಇಟಲಿಯ ಪಿಸಿ ಬಾಕ್ಸ್ ಎಂಬ ಮಾರಾಟ ಸಂಸ್ಥೆಯ ಪ್ರಕರಣದಲ್ಲಿ ಕೊಟ್ಟ ಅಭಿಪ್ರಾಯ. ಬೀಗಕ್ಕೆ ರಕ್ಷಣೆ ಉಂಟು, ಆದರೆ ಬೀಗ ತನ್ನ ಉದ್ದೇಶದ ಅಳತೆಯನ್ನು ಮೀರಬಾರದು. ಸಾಧನವನ್ನು ಜನ ವಾಸ್ತವವಾಗಿ ಯಾವುದಕ್ಕೆ, ಎಷ್ಟು ಬಾರಿ ಬಳಸುತ್ತಾರೆ ಎಂಬ ಪುರಾವೆಯನ್ನು ರಾಷ್ಟ್ರೀಯ ನ್ಯಾಯಾಲಯ ನೋಡಬೇಕು ಎಂದು ಅದು ಹೇಳಿತು. ಆ ಪುರಾವೆಯನ್ನು ನೋಡಿದರೆ ಆರ್‌4 ಮಾರಾಟಗಾರರು ಹೇಗೂ ಸೋಲುತ್ತಿದ್ದರು ಎಂದು ನನಗನಿಸುತ್ತದೆ. ಅದೇ ಪರೀಕ್ಷೆಯಲ್ಲಿ ಸಂಗೀತಗಾರರಿಗಾಗಿ ಗೇಮ್ ಬಾಯ್ ಕಾರ್ಟ್ರಿಡ್ಜ್ ಮಾಡುವವನು ಗೆಲ್ಲಬಹುದಿತ್ತು. ಸೋಲು ಗೆಲುವುಗಳು ಹೀಗೆ ಬೇರೆ ಬೇರೆ ಬರಲು ಸಾಧ್ಯವಿರುವ ಪರೀಕ್ಷೆಯೇ ಒಳ್ಳೆಯ ಪರೀಕ್ಷೆ.

ನಷ್ಟದ ಲೆಕ್ಕದ ಬಗ್ಗೆ ಒಂದೆರಡು ಮಾತು. ಜಪಾನಿನ ಕಂಪ್ಯೂಟರ್ ಮನರಂಜನಾ ಉದ್ಯಮದ ಸಂಘ 2010ರಲ್ಲಿ ಒಂದು ಅಂದಾಜು ಪ್ರಕಟಿಸಿತು. 2004ರಿಂದ 2009ರವರೆಗೆ ಡಿಎಸ್ ಮತ್ತು ಸೋನಿಯ ಕೈಯಾಟದ ಕನ್ಸೋಲಾದ ಪಿಎಸ್‌ಪಿ ಆಟಗಳ ಪೈರಸಿಯಿಂದ ಜಗತ್ತಿನಾದ್ಯಂತ ಸುಮಾರು 3.8 ಲಕ್ಷ ಕೋಟಿ ಯೆನ್ ನಷ್ಟ ಎಂದಿತು. ಲೆಕ್ಕದ ವಿಧಾನ ಹೀಗಿತ್ತು: ಜಪಾನಿನಲ್ಲಿ ಹೆಚ್ಚು ಮಾರಾಟವಾದ 20 ಆಟಗಳ ಅಕ್ರಮ ಡೌನ್‌ಲೋಡ್‌ಗಳನ್ನು ಎಣಿಸಿ, ಬೆಲೆಯಿಂದ ಗುಣಿಸಿ, ಜಪಾನ್ ಜಗತ್ತಿನ ಮಾರುಕಟ್ಟೆಯ ಕಾಲುಭಾಗವೆಂದು ಹಿಡಿದು ಮತ್ತೆ ನಾಲ್ಕರಿಂದ ಗುಣಿಸುವುದು. ಇಳಿಸಿಕೊಂಡವರೆಲ್ಲರೂ, ಇಳಿಸಿಕೊಳ್ಳಲಾಗದಿದ್ದರೆ ಪೂರ್ತಿ ಬೆಲೆ ಕೊಟ್ಟು ಕೊಳ್ಳುತ್ತಿದ್ದರು ಎಂಬ ಊಹೆ ಇದರ ತಳಹದಿ. ಊರ ಕೆರೆಯಲ್ಲಿ ಮಿಂದವರ ತಲೆ ಎಣಿಸಿ ಹೋಟೆಲಿನವನು ಬಿಸಿನೀರಿನ ಸ್ನಾನದ ನಷ್ಟ ಕಟ್ಟಿದಂತಾಯಿತು. ಯೂರೋಪಿಯನ್ ಆಯೋಗ ತಾನೇ ಮಾಡಿಸಿ 2017ರಲ್ಲಿ ಹೊರಬಿದ್ದ ಅಧ್ಯಯನವೊಂದು, ಆಟಗಳ ವಿಷಯದಲ್ಲಿ ಅಕ್ರಮ ಬಳಕೆಯು ಸಕ್ರಮ ಬಳಕೆಯನ್ನು ಕುಗ್ಗಿಸಿತೆನ್ನುವ ಬದಲು ಹೆಚ್ಚಿಸಿದ ಸೂಚನೆಯನ್ನೇ ಕಂಡಿತು. ಹಾಗೆಂದು ನಷ್ಟವೇ ಇರಲಿಲ್ಲ ಎಂದು ನಾನು ಹೇಳಲಾರೆ. 15 ಕೋಟಿ 40 ಲಕ್ಷ ಡಿಎಸ್‌ಗಳನ್ನು ಮಾರಿದ ನಿಂಟೆಂಡೊಗೆ ಯಂತ್ರದ ಲಾಭವಾದರೂ ಉಳಿಯಿತು. ಆ ಯಂತ್ರಕ್ಕಾಗಿ ಎರಡು ವರ್ಷ ಕುಳಿತು ಒಂದೇ ಒಂದು ಆಟ ಮಾಡಿದ ಸಣ್ಣ ತಂಡಕ್ಕೆ ಅಂಥ ಬೇರೆ ಆದಾಯ ಇರಲಿಲ್ಲ. ಪೈರಸಿಯನ್ನು ದೊಡ್ಡವರ ವಿರುದ್ಧದ ಬಂಡಾಯವೆಂದು ಬಣ್ಣಿಸುವವರು ಈ ಸಣ್ಣವರನ್ನು ಮರೆಯುತ್ತಾರೆ.

ಆಟ ಮಾಡುವವರು ಸುಮ್ಮನೆ ಕೂರಲೂ ಇಲ್ಲ. 2008ರಲ್ಲಿ ಜಪಾನಿನಲ್ಲಿ ಬಂದ ಡಿಎಸ್‌ನ ‘ಡ್ರ್ಯಾಗನ್ ಕ್ವೆಸ್ಟ್ 5’ ಹಡಗಿನ ಮೇಲೆ ಆರಂಭವಾಗುತ್ತದೆ. ಫ್ಲ್ಯಾಶ್ ಕಾರ್ಡಿನಿಂದ ಆಡಿದರೆ ಆ ಹಡಗು ಯಾವ ಬಂದರನ್ನೂ ಮುಟ್ಟದೆ ಸಾಗುತ್ತಲೇ ಇರುತ್ತಿತ್ತು. ಮೈಕೆಲ್ ಜಾಕ್ಸನ್ ಹಾಡುಗಳ ಡಿಎಸ್ ಆಟವೊಂದು ಕಳ್ಳಪ್ರತಿಯನ್ನು ಗುರುತಿಸಿದರೆ ಹಾಡಿನ ಮೇಲೆ ವುವುಜೆಲಾ ಎಂಬ ಕರ್ಕಶ ತುತ್ತೂರಿ ಊದುತ್ತಿತ್ತು. ಮೊಕದ್ದಮೆಗಿಂತ ಈ ವಿನೋದ ನನಗೆ ಹೆಚ್ಚು ಗೌರವಾರ್ಹವಾಗಿ ಕಾಣುತ್ತದೆ, ಇಂಥ ಉಪಾಯಗಳನ್ನೂ ಬೇಗನೆ ನಿಷ್ಫಲಗೊಳಿಸಲಾಯಿತೆನ್ನುವುದು ಬೇರೆ ಮಾತು.

ಇನ್ನೂ ದೊಡ್ಡ ವಿನೋದ ಕಾರ್ಡು ತಯಾರಕರ ಪಾಳೆಯದಲ್ಲೇ ನಡೆಯಿತು. ಆರ್‌4 ಜನಪ್ರಿಯವಾದೊಡನೆ ಅದರ ನಕಲುಗಳು ಹುಟ್ಟಿಕೊಂಡವು. ನಕಲಿನ ನಕಲುಗಳು ಕೆಲವು, ಒಂದು ನಿರ್ದಿಷ್ಟ ದಿನಾಂಕ ದಾಟಿದ ಮೇಲೆ ಕೆಲಸ ನಿಲ್ಲಿಸುವಂಥ ಗಡುವನ್ನು ಒಡಲಲ್ಲಿ ಇಟ್ಟುಕೊಂಡೇ ಬಂದವು, ಕೊಂಡವನು ಹೊಸದನ್ನು ಕೊಳ್ಳಲಿ ಎಂದು. 3ಡಿಎಸ್‌ಗಾಗಿ 2013ರಲ್ಲಿ ಬಂದ ‘ಗೇಟ್‌ವೇ’ ಎಂಬ ಕಾರ್ಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ಕಾರ್ಡಿನ ನಕಲುಗಳನ್ನು ಬಳಸುವವರನ್ನು ದಂಡಿಸಲು, ಅವರ ಕನ್ಸೋಲನ್ನೇ ಕೆಡಿಸಿ ಇಟ್ಟಿಗೆಯಾಗಿಸುವ ಸಂಕೇತವನ್ನು ತಮ್ಮ ತಂತ್ರಾಂಶದಲ್ಲಿ ಹುದುಗಿಸಿದ್ದು 2014ರ ಜನವರಿಯಲ್ಲಿ ಬಯಲಾಯಿತು. ನಿಂಟೆಂಡೊ ಕೂಡ ಆಗ ಅಷ್ಟು ಕ್ರೂರವಾಗಿರಲಿಲ್ಲ. ಬೀಗಗಳ ವಿರುದ್ಧ ಸ್ವಾತಂತ್ರ್ಯದ ಮಾತನಾಡುತ್ತಿದ್ದವರು ತಮ್ಮ ಸರಕಿನ ಪ್ರಶ್ನೆ ಬಂದಾಗ ಯಾರಿಗೂ ಕಡಿಮೆಯಿಲ್ಲದಂತೆ ಬೀಗ ಜಡಿದರು.

3ಡಿಎಸ್‌ನ ಕಥೆಯಲ್ಲಿ ಆರ್‌4ನಂಥ ಕೆಲವು ಹಳೆಯ ಡಿಎಸ್ ಫ್ಲ್ಯಾಶ್ ಕಾರ್ಡುಗಳಿಗೆ ಅನಿರೀಕ್ಷಿತವಾದ ಎರಡನೆಯ ಜನ್ಮವೊಂದು ದೊರೆಯಿತು. 2017ರಲ್ಲಿ ತಜ್ಞರು 3ಡಿಎಸ್‌ನ ಆರಂಭಿಕ ರೋಮ್ ಅನ್ನು ಓದಿ ನೋಡಿದಾಗ, ಕಾರ್ಖಾನೆಯ ರಿಪೇರಿಗಾಗಿ ಇಟ್ಟಿದ್ದ ಒಂದು ಗುಪ್ತ ದಾರಿ ಕಂಡಿತು: ಮುಚ್ಚಳ ಮುಚ್ಚಿದ ಸ್ಥಿತಿಯಲ್ಲಿ ಕೆಲವು ಗುಂಡಿಗಳನ್ನು ಒತ್ತಿ ಹಿಡಿದು ಚಾಲೂ ಮಾಡಿದರೆ ಯಂತ್ರವು ಡಿಎಸ್ ಕಾರ್ಡಿನಿಂದಲೇ ಆರಂಭವಾಗಲು ಒಪ್ಪುತ್ತದೆ. ಮುಚ್ಚಿದ ಮುಚ್ಚಳದೊಳಗೆ ಗುಂಡಿ ಒತ್ತುವುದು ಹೇಗೆ? ಮುಚ್ಚಳ ಮುಚ್ಚಿದೆಯೆಂದು ಯಂತ್ರ ತಿಳಿಯುವುದು ಅಯಸ್ಕಾಂತದ ಸಂವೇದಕದಿಂದ; ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಅಯಸ್ಕಾಂತವನ್ನು ಸರಿಯಾದ ಜಾಗದಲ್ಲಿ ಹಿಡಿದರೆ ಸಾಕು. ಹೀಗೆ ಡ್ರಾಯರಿನಲ್ಲಿ ಧೂಳು ತಿನ್ನುತ್ತಿದ್ದ ಇಂಥ ಹಳೆಯ ಡಿಎಸ್ ಕಾರ್ಡುಗಳು, ಅಯಸ್ಕಾಂತದ ಚೂರಿನ ನೆರವಿನಿಂದ, ಮುಂದಿನ ಪೀಳಿಗೆಯ ಯಂತ್ರದ ಕೀಲಿಕೈಗಳಾದವು. ದೋಷ ಇದ್ದದ್ದು ಬದಲಾಯಿಸಲಾಗದ ಚಿಪ್ಪಿನಲ್ಲಾದ್ದರಿಂದ ಮಾರಾಟವಾಗಿ ಹೋದ ಯಂತ್ರಗಳಿಗೆ ತಿದ್ದುಪಡಿ ಸಾಧ್ಯವೇ ಇರಲಿಲ್ಲ.

ನಿಂಟೆಂಡೊದ ಮುಂದಿನ ಕನ್ಸೋಲಾದ ‘ಸ್ವಿಚ್’ನ ಕಾಲಕ್ಕೆ ಬೀಗದ ಸ್ವರೂಪವೇ ಬದಲಾಗಿತ್ತು. ಪ್ರತಿ ಕಾರ್ಟ್ರಿಡ್ಜಿಗೂ ಬೆರಳ ಗುರುತಿನಂಥ ಪ್ರತ್ಯೇಕ ಪ್ರಮಾಣಪತ್ರವಿದೆ. ಒಂದೇ ಗುರುತು ಎರಡು ಕಡೆ ಅಂತರ್ಜಾಲದಲ್ಲಿ ಕಂಡರೆ ಕಂಪನಿಯ ಸರ್ವರಿಗೆ ಅನುಮಾನ ಬರುತ್ತದೆ. 2024ರ ಆರಂಭದಲ್ಲಿ ಬಂದ ‘ಮಿಗ್’ ಎಂಬ ಫ್ಲ್ಯಾಶ್ ಕಾರ್ಟ್ರಿಡ್ಜನ್ನು 2025ರಲ್ಲಿ ಹೊಸ ಸ್ವಿಚ್ 2ರಲ್ಲಿ ಹಾಕಿದವರ ಯಂತ್ರಗಳು ಅಂತರ್ಜಾಲ ಸೇವೆಯಿಂದ ಹೊರಬಿದ್ದವು. ಹಿಂದಿನ ಮಾಲೀಕ ನಕಲು ತೆಗೆದಿಟ್ಟುಕೊಂಡು ಮಾರಿದ ಕಾರ್ಟ್ರಿಡ್ಜನ್ನು ಏನೂ ಅರಿಯದೆ ಸೆಕೆಂಡ್ ಹ್ಯಾಂಡ್ ಕೊಂಡವನೂ ಇದೇ ಬಲೆಗೆ ಬೀಳಬಹುದು. ನಿರಪರಾಧಿಯೆಂದು ಸಾಬೀತುಪಡಿಸಬೇಕಾದ ಹೊಣೆ ಆಗ ಅವನ ತಲೆಯ ಮೇಲೆ. ವಿಚಾರಣೆ ನಡೆಸುವವರು ನ್ಯಾಯಾಧೀಶರಲ್ಲ, ಗ್ರಾಹಕ ಸೇವೆಯವರು.

ಬೀಗಗಳ ಕುರಿತು ನನಗಿರುವ ಮುಖ್ಯ ತಕರಾರು ಇಲ್ಲಿಂದ ಮುಂದಿನದು. ಅಂಗಡಿ ಮುಚ್ಚಿದ ಮೇಲೂ ಬೀಗ ಉಳಿಯುತ್ತದೆ. 2023ರ ಮಾರ್ಚ್ 27ರಂದು ನಿಂಟೆಂಡೊ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಆ ದಿನದ ನಂತರ ಹಣ ಕೊಟ್ಟು ಕೊಳ್ಳುವ ದಾರಿಯೇ ಇಲ್ಲವಾಯಿತು. ಅದೇ ವರ್ಷ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ನಡೆಸಿದ ಸಮೀಕ್ಷೆಯ ಪ್ರಕಾರ, ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಆಗ ಮಾರಾಟದಲ್ಲಿರಲಿಲ್ಲ. ಗೇಮ್ ಬಾಯ್ ಆಟಗಳ ಪೈಕಿ ಸಿಗುತ್ತಿದ್ದುದು ಶೇ. 5.87 ಮಾತ್ರ. ಗ್ರಂಥಾಲಯಗಳು ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದ ತೋರಿಸಲು ಅವಕಾಶ ಕೇಳಿದಾಗ ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಮಾರುವವನು ಮಾರುವುದಿಲ್ಲ, ಗ್ರಂಥಾಲಯ ಕೊಡುವಂತಿಲ್ಲ ಎಂದಾದಾಗ ಉಳಿಯುವುದು ಫ್ಲ್ಯಾಶ್ ಕಾರ್ಟ್ರಿಡ್ಜ್ ಮತ್ತು ಯಾರೋ ಹೆಸರಿಲ್ಲದವರು ಕಾಪಾಡಿಟ್ಟ ಫೈಲು. ಇಂದು ಅಂಗಡಿಯಲ್ಲಿರುವ ಆಟದ ಕಳ್ಳಪ್ರತಿ ಮತ್ತು ಮೂವತ್ತು ವರ್ಷದಿಂದ ಯಾರೂ ಮಾರದ ಆಟದ ಪ್ರತಿ, ಇವೆರಡನ್ನೂ ಒಂದೇ ಪದದಿಂದ ಕರೆಯುವ ಕಾನೂನು ತನ್ನ ಮಾತನ್ನು ತಾನೇ ಹಗುರ ಮಾಡಿಕೊಳ್ಳುತ್ತದೆ.

ಭಾರತದ ಕಾಯ್ದೆ ಈ ವಿಷಯದಲ್ಲಿ ಬಹಳ ಜನ ಎಣಿಸಿರುವುದಕ್ಕಿಂತ ವಿವೇಕಯುತವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ತಾಂತ್ರಿಕ ಬೀಗವನ್ನು ದಾಟುವವನಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ದಾಟಿದರೆ ಮಾತ್ರ. ಜಪಾನಿನಲ್ಲಿ ಸಡಿಲಗೊಂಡ ‘ಮಾತ್ರ’ ಬೇರೊಂದು ರೂಪದಲ್ಲಿ ನಮ್ಮಲ್ಲಿ ಉಳಿದುಕೊಂಡಿದೆ ಎನ್ನಬಹುದು. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಬೀಗ ದಾಟುವುದನ್ನು ಅದೇ ಕಲಮು ಮುಂದೆ ವಿನಾಯಿತಿಯೆಂದು ಹೇಳುತ್ತದೆ. ಅದರ ಜೊತೆಗೊಂದು ತಮಾಷೆಯ ಷರತ್ತಿದೆ: ಅಂಥ ಕೆಲಸಕ್ಕೆ ಇನ್ನೊಬ್ಬರಿಗೆ ನೆರವಾಗುವವನು ಅವರ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ದಾಖಲಿಸಿ ಇಟ್ಟುಕೊಳ್ಳಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವನೊಬ್ಬ ಗಲ್ಲಾದ ಪಕ್ಕದಲ್ಲಿ ಕೆಂಪು ಬಟ್ಟೆಯ ಖಾತೆ ಪುಸ್ತಕ ತೆರೆದಿಟ್ಟು ‘ಸ್ವಾಮಿ, ತಮ್ಮ ಉದ್ದೇಶ?’ ಎಂದು ಕೇಳಿ ಬರೆದುಕೊಳ್ಳುವ ದೃಶ್ಯವನ್ನು ನಾನು ಹಲವು ಬಾರಿ ಕಲ್ಪಿಸಿಕೊಂಡಿದ್ದೇನೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆ ಇದು: ವಿದೇಶದಿಂದ ನೆಂಟರು ತಂದುಕೊಟ್ಟ ಗೇಮ್ ಬಾಯ್ ಕಾಲದ ಪೋಕೆಮಾನ್ ಕಾರ್ಟ್ರಿಡ್ಜ್ ಅವರಲ್ಲಿದೆ, ಅದರ ಬ್ಯಾಟರಿ ಸಾಯುತ್ತಿದೆ, ಏನು ಮಾಡಬಹುದು ಮತ್ತು ಅದು ತಪ್ಪೇ? ಆ ಕಾಲದ ಕಾರ್ಟ್ರಿಡ್ಜ್‌ಗಳು ಆಟಗಾರನ ಪ್ರಗತಿಯನ್ನು ನೆನಪಿಟ್ಟುಕೊಳ್ಳಲು ಒಳಗೊಂದು ನಾಣ್ಯದಾಕಾರದ ಬ್ಯಾಟರಿಯನ್ನು ನೆಚ್ಚಿಕೊಂಡಿವೆ. ಗಡಿಯಾರವಿರುವ ‘ಗೋಲ್ಡ್’, ‘ಸಿಲ್ವರ್’ ಆಟಗಳಲ್ಲಿ ಅದು ಇನ್ನೂ ಬೇಗ ಬರಿದಾಗುತ್ತದೆ. ಬ್ಯಾಟರಿ ತೆಗೆದ ಕ್ಷಣ ಬಾಲ್ಯದ ಆ ಸಂಗ್ರಹ ಅಳಿಸಿಹೋಗುವುದರಿಂದ, ಮೊದಲು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಕಾರ್ಟ್ರಿಡ್ಜ್ ಓದುಗ ಸಾಧನದಿಂದ ಉಳಿಸಿದ ಮಾಹಿತಿಯನ್ನು ನಕಲು ಮಾಡಿಕೊಳ್ಳಿ, ಆಮೇಲೆ ಹೊಸ ಬ್ಯಾಟರಿಯನ್ನು ಬೆಸುಗೆ ಹಾಕಿಸಿ, ನಂತರ ಮಾಹಿತಿಯನ್ನು ಹಿಂದಕ್ಕೆ ಬರೆಯಿರಿ ಎಂದೆ. ಜೊತೆಯಲ್ಲೇ ಆಟದ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡರೆ? ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನಿಂದ ವಾಣಿಜ್ಯೇತರ ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದನ್ನು ನಮ್ಮ ಕಾಯ್ದೆಯ 52ನೆಯ ಕಲಮು ಉಲ್ಲಂಘನೆಯಲ್ಲವೆನ್ನುತ್ತದೆ. ಆಟದೊಳಗಿನ ಚಿತ್ರ, ಸಂಗೀತಗಳಿಗೆ ಖಾಸಗಿ ಬಳಕೆಯ ನ್ಯಾಯಯುತ ವ್ಯವಹಾರದ ಉಪಕಲಮು ಅನ್ವಯಿಸುತ್ತದೆ ಎಂಬುದು ನನ್ನ ಓದು, ನಾನು ವಕೀಲನಲ್ಲ. ಆ ಪ್ರತಿಯನ್ನು ಒಂದು ಫ್ಲ್ಯಾಶ್ ಕಾರ್ಟ್ರಿಡ್ಜಿಗೆ ಹಾಕಿ, ಅಸಲಿ ಕಾರ್ಟ್ರಿಡ್ಜನ್ನು ಸವೆಸದೆ ಕಪಾಟಿನಲ್ಲಿಟ್ಟು ಆಡುವುದೂ ಅದೇ ಮಿತಿಯೊಳಗೆ ಬರುತ್ತದೆಂದು ನನಗೆ ತೋರುತ್ತದೆ. ‘ನನ್ನ ತಂಗಿಯ ಮಗನೂ ಒಂದು ಪ್ರತಿ ಕೇಳುತ್ತಿದ್ದಾನೆ’ ಎಂದು ಅವರು ನಗುತ್ತ ಹೇಳಿದಾಗ, ಅವನಿಗೆ ಕಾರ್ಟ್ರಿಡ್ಜನ್ನೇ ಒಂದು ತಿಂಗಳು ಎರವಲು ಕೊಡಿ, ನಿಮ್ಮ ಫ್ಲ್ಯಾಶ್ ಕಾರ್ಡನ್ನು ಆ ತಿಂಗಳು ಮುಟ್ಟಬೇಡಿ ಎಂದೆ.